ನಲವತ್ತರ ಹೊಸ್ತಿಲಲ್ಲಿ ನರ್ಸಿಂಗ್: ಮಾಸ್ಟರ್ಸ್ ಹಾದಿಯೇ ಬೇಕೇ?

ಪ್ರಶ್ನೆ: ನನಗೆ 38 ವರ್ಷ. ಮೈಸೂರಿನಲ್ಲಿ ಬಿ.ಇ. ಓದಿ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡುತ್ತಿದ್ದೆ. ಈಗ ಎಚ್-4 ವೀಸಾದಲ್ಲಿ (ಗಂಡನ ಎಚ್-1ಬಿ ಕೆಲಸದ ವೀಸಾ ಆಧರಿಸಿ ಸಿಗುವುದು) ಷಿಕಾಗೊ ಹತ್ತಿರದ ನೇಪರ್‌ವಿಲ್‌ನಲ್ಲಿದ್ದೇನೆ. ಕೆಲಸ ಮಾಡಲು ಅನುಮತಿ ಪತ್ರ, ಇಎಡಿ, ಇದೆ. ಮಕ್ಕಳಿಬ್ಬರೂ ಶಾಲೆಗೆ ಹೋಗುತ್ತಾರೆ. ಬೇರೆ ಪದವಿ ಇದ್ದವರೂ ಎರಡೇ ವರ್ಷದಲ್ಲಿ ನರ್ಸಿಂಗ್ ಮಾಸ್ಟರ್ಸ್ ಮುಗಿಸಬಹುದಂತೆ. ಮುಗಿಸಿದರೆ ನೇರವಾಗಿ ನರ್ಸ್ ಪ್ರಾಕ್ಟಿಷನರ್ (ಕಾಯಿಲೆ ಪತ್ತೆಹಚ್ಚಿ ಔಷಧಿ ಬರೆದುಕೊಡಬಲ್ಲ ನರ್ಸ್) ಆಗಬಹುದೇ ಮೇಡಂ? ಈ ವಯಸ್ಸಿನಲ್ಲಿ ಇದು ಹುಚ್ಚು ಸಾಹಸವೇ?

ಉತ್ತರ: ವಯಸ್ಸಿನ ಚಿಂತೆ ಬಿಡಿ. ಈ ತರಗತಿಗಳೆಲ್ಲ ಬೇರೆ ಕೆಲಸ ಬಿಟ್ಟು ಬಂದವರಿಗಾಗಿಯೇ ಇರುವುದು. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಮಾತ್ರ, ಬಹುತೇಕ ಕಡೆ, ‘ಇಲ್ಲ’.

ಇಂಥ ಕೋರ್ಸ್‌ಗಳಲ್ಲಿ ಎರಡು ಬಗೆ. ಯೇಲ್ ವಿಶ್ವವಿದ್ಯಾಲಯ 1974ರಿಂದ ನಡೆಸುತ್ತಿರುವಂಥದ್ದು ಮೂರು ವರ್ಷದ್ದು. ಮೊದಲು ನರ್ಸಿಂಗ್ ಬುನಾದಿ, ಆಮೇಲೆ ನರ್ಸ್ ಪ್ರಾಕ್ಟಿಷನರ್ ಅಥವಾ ಮಿಡ್‌ವೈಫ್ ತರಬೇತಿ. ಇನ್ನೊಂದು ಬಗೆ ಸಾಮಾನ್ಯ ನರ್ಸಿಂಗಿನದು. ಜಾನ್ಸ್ ಹಾಪ್ಕಿನ್ಸ್, ಕೊಲಂಬಿಯಾಗಳಲ್ಲಿ 15 ತಿಂಗಳು, ನಿಮ್ಮೂರಿನ ಡಿಪಾಲ್, ರಷ್‌ಗಳಲ್ಲಿ ಎರಡು ವರ್ಷದ ಆಸುಪಾಸು. ನೀವು ಕೇಳಿರುವುದು ಇದರ ಬಗ್ಗೆ. ಇದು ಮುಗಿದ ಮೇಲೆ ಲೈಸೆನ್ಸಿಗಾಗಿ ಎನ್‌ಕ್ಲೆಕ್ಸ್ ಪರೀಕ್ಷೆ ಬರೆದು ಆರ್‌ಎನ್ (ನೋಂದಾಯಿತ ನರ್ಸ್) ಆಗುತ್ತೀರಿ, ಅಷ್ಟೇ. ಪಕ್ಕದ ಕಾಲೇಜ್ ಆಫ್ ಡುಪೇಜ್‌ನಲ್ಲಿ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಮಾಡಿದವರೂ ಅದೇ ಪರೀಕ್ಷೆ ಬರೆದು ಅದೇ ಲೈಸೆನ್ಸ್ ಪಡೆಯುತ್ತಾರೆ. ಹೊಸಬರಿಗೆ ವಾರ್ಡಿನಲ್ಲಿ ಸಿಗುವ ಕೆಲಸವೂ ಒಂದೇ, ಸಂಬಳವೂ ಹೆಚ್ಚುಕಮ್ಮಿ ಒಂದೇ. ನರ್ಸ್ ಪ್ರಾಕ್ಟಿಷನರ್ ಆಗಬೇಕೆಂದರೆ ಮತ್ತೆ ಪೋಸ್ಟ್ ಮಾಸ್ಟರ್ಸ್ ಸರ್ಟಿಫಿಕೇಟ್ ಅಥವಾ ಡಾಕ್ಟರೇಟ್ ಓದಬೇಕು. ಆಗ ಮಾಸ್ಟರ್ಸ್ ಕೈಯಲ್ಲಿದ್ದರೆ ಹಾದಿ ಸ್ವಲ್ಪ ಹತ್ತಿರವಾಗುತ್ತದೆ ಎಂಬುದು ನಿಜ.

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನರ್ಸ್ ಪ್ರಾಕ್ಟಿಷನರ್ ಆಗಿಯೇ ತೀರಬೇಕೆಂಬ ನಿಶ್ಚಯ ಇಲ್ಲದಿದ್ದರೆ, ಪದವೀಧರರಿಗೆಂದೇ ಇರುವ 11ರಿಂದ 18 ತಿಂಗಳ ತ್ವರಿತ ಬಿಎಸ್ಎನ್ (ನರ್ಸಿಂಗ್ ಬ್ಯಾಚಲರ್ ಪದವಿ) ಸಾಕು. ಅಸೋಸಿಯೇಟ್ ಡಿಗ್ರಿ ಇನ್ನೂ ಅಗ್ಗ. ಆದರೆ ದೊಡ್ಡ ಆಸ್ಪತ್ರೆಗಳು ಬಿಎಸ್ಎನ್ ಇದ್ದವರನ್ನೇ ಮೊದಲು ಕರೆಯುತ್ತವೆ.

ದುಡ್ಡಿನ ಮಾತು. ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಈ ಮಾಸ್ಟರ್ಸ್‌ಗೆ ಫೀಸೇ 70 ಸಾವಿರ ಡಾಲರ್ ದಾಟುವುದು ಅಪರೂಪವಲ್ಲ. ಎಚ್-4ನಲ್ಲಿರುವ ನಿಮಗೆ ಸರ್ಕಾರದ ಸ್ಟೂಡೆಂಟ್ ಲೋನ್ ಸಿಗುವುದಿಲ್ಲ. ಬ್ಯಾಂಕಿನ ಸಾಲಕ್ಕೆ ಸಾಮಾನ್ಯವಾಗಿ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರುವವರೊಬ್ಬರು ಜಾಮೀನು ನಿಲ್ಲಬೇಕು. ಅಮೆರಿಕದಲ್ಲಿ ಆರ್‌ಎನ್‌ಗಳ ಮಧ್ಯಮ ವಾರ್ಷಿಕ ಸಂಬಳ 2024ರಲ್ಲಿ 93,600 ಡಾಲರ್. ಹಳಬರನ್ನೂ ಸೇರಿಸಿದ ಲೆಕ್ಕ ಅದು. ನಿಮ್ಮ ಮೊದಲ ವರ್ಷಕ್ಕೆ ಅದಕ್ಕಿಂತ ಕಡಿಮೆಯೇ ಹಿಡಿದುಕೊಳ್ಳಿ.

ವೀಸಾ ಇನ್ನೂ ತೊಡಕಿನದು. ವಾರ್ಡ್ ನರ್ಸ್ ಕೆಲಸಕ್ಕೆ ಎಚ್-1ಬಿ ಸಿಗುವುದು ಕಷ್ಟ. ಬ್ಯಾಚಲರ್ ಪದವಿ ಕಡ್ಡಾಯವಾಗಿರುವ ಕೆಲಸಕ್ಕಷ್ಟೇ ಆ ವೀಸಾ, ಇಲ್ಲಿ ಅದು ಕಡ್ಡಾಯವಲ್ಲ ಎಂಬುದೇ ಕಾರಣ. ನರ್ಸ್‌ಗಳ ಗ್ರೀನ್ ಕಾರ್ಡ್ ಅರ್ಜಿಗೆ ಲೇಬರ್ ಸರ್ಟಿಫಿಕೇಷನ್ (ಆ ಕೆಲಸಕ್ಕೆ ಅಮೆರಿಕದವರು ಸಿಗಲಿಲ್ಲವೆಂದು ತೋರಿಸುವ) ರಗಳೆ ಇಲ್ಲ, ಆದರೆ ಅದು ಬರುವ ಇಬಿ-3 ಎಂಬ ವರ್ಗದಲ್ಲಿ ಭಾರತೀಯರ ಸರದಿ ಹತ್ತು ವರ್ಷ ಮೀರಿ ನಿಂತಿದೆ. ಅಂದರೆ ಓದಿ ಮುಗಿಸಿದ ಮೇಲೂ ನಿಮ್ಮ ನೌಕರಿ ನಿಂತಿರುವುದು ನಿಮ್ಮ ಯಜಮಾನರ ಎಚ್-1ಬಿ ಮೇಲೆ. 2025ರ ಅಕ್ಟೋಬರ್ 30ರಿಂದ ಸಲ್ಲಿಸುವ ಇಎಡಿ ನವೀಕರಣ ಅರ್ಜಿಗಳಿಗೆ, ಮೊದಲಿನಂತೆ ತಾನಾಗಿ ಸಿಗುತ್ತಿದ್ದ ವಿಸ್ತರಣೆಯೂ ಇಲ್ಲ. ಅವಧಿ ಮುಗಿಯುವ 180 ದಿನ ಮೊದಲೇ ಅರ್ಜಿ ಹಾಕಬಹುದು, ಹಾಕಿಬಿಡಿ. ಸಾಲ ಮಾಡುವ ಮುನ್ನ ಮನೆಯಲ್ಲಿ ಇಬ್ಬರೂ ಕೂತು ಇದನ್ನು ಮಾತಾಡಿಕೊಳ್ಳಿ.

ಇನ್ನು ಸೀಟು. ಅನಾಟಮಿ ಮತ್ತು ಫಿಸಿಯಾಲಜಿ ಎರಡು ಭಾಗ, ಮೈಕ್ರೋಬಯಾಲಜಿ (ಇವಕ್ಕೆಲ್ಲ ಲ್ಯಾಬ್ ಸಮೇತ), ಸ್ಟ್ಯಾಟಿಸ್ಟಿಕ್ಸ್, ಹಲವೆಡೆ ನ್ಯೂಟ್ರಿಷನ್, ಮನಃಶಾಸ್ತ್ರ: ಇಷ್ಟನ್ನು ಮೊದಲೇ ಪಾಸು ಮಾಡಿರಬೇಕು. ಇಂಜಿನಿಯರಿಂಗ್ ಗಣಿತವನ್ನು ಸ್ಟ್ಯಾಟಿಸ್ಟಿಕ್ಸ್ ಎಂದು ಒಪ್ಪುತ್ತಾರೆಂಬ ಭರವಸೆ ಬೇಡ. ವಿಜ್ಞಾನದ ವಿಷಯಗಳನ್ನು ಕಳೆದ ಐದೋ ಏಳೋ ವರ್ಷಗಳೊಳಗೆ ಓದಿರಬೇಕೆಂದು ಕೇಳುವ ಕಾಲೇಜುಗಳೂ ಇವೆ. ಎಲ್ಲವೂ ಕಾಲೇಜ್ ಆಫ್ ಡುಪೇಜ್‌ನಂಥ ಕಮ್ಯುನಿಟಿ ಕಾಲೇಜಿನಲ್ಲಿ ಸಿಗುತ್ತವೆ. ಬಿ.ಇ. ಟ್ರಾನ್ಸ್‌ಕ್ರಿಪ್ಟ್ ತರಿಸಿ, ವಿದೇಶಿ ಪದವಿಗಳನ್ನು ಅಮೆರಿಕದ ಅಳತೆಗೆ ಹೋಲಿಸಿ ಕೊಡುವ ಡಬ್ಲ್ಯೂಇಎಸ್‌ನಂಥ ಸಂಸ್ಥೆಯಿಂದ ವಿಷಯವಾರು ಮೌಲ್ಯಮಾಪನ ಮಾಡಿಸುವ ಕೆಲಸ ಈಗಲೇ ಶುರು ಮಾಡಿ, ಅದು ನಿಧಾನ.

ಜೊತೆಗೆ ಇಲಿನಾಯ್‌ನ 120 ಗಂಟೆಗಳ ಸಿಎನ್ಎ (ನರ್ಸ್ ಸಹಾಯಕಿ) ತರಬೇತಿ ಪಡೆದು ಕೆಲವು ತಿಂಗಳು ನರ್ಸಿಂಗ್ ಹೋಮಿನಲ್ಲಿ ದುಡಿಯಿರಿ. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಡೈಪರ್ ಬದಲಿಸುವುದು ಎಲ್ಲ ಮಾಡಬೇಕಾಗುತ್ತದೆ. ‘ಬಿ.ಇ. ಓದಿ ಇದೇನಮ್ಮಾ’ ಎಂದು ಊರಿಂದ ಫೋನ್ ಬಂದೀತು, ಬರಲಿ. ಹನ್ನೆರಡು ಗಂಟೆಯ ಪಾಳಿ ನಿಮ್ಮ ಸೊಂಟಕ್ಕೆ, ಮನಸ್ಸಿಗೆ ಒಗ್ಗುತ್ತದೋ ಇಲ್ಲವೋ ಎಂಬುದು ಸಾಲ ಮಾಡುವ ಮೊದಲೇ ಗೊತ್ತಾಗಲಿ. ಕೋರ್ಸ್ ಶುರುವಾದ ಮೇಲೆ ಬೆಳಿಗ್ಗೆ ಏಳಕ್ಕೆಲ್ಲ ಆಸ್ಪತ್ರೆಯಲ್ಲಿರಬೇಕಾದ ದಿನಗಳು ಬರುತ್ತವೆ. ಮಕ್ಕಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸುವವರು ಯಾರೆಂದು ಈಗಲೇ ಗೊತ್ತು ಮಾಡಿಕೊಳ್ಳಿ.

ಪ್ರಶ್ನೆ: ತಂಗಿ ಶಿವಮೊಗ್ಗದಲ್ಲಿ ಬಿ.ಕಾಂ. ಮುಗಿಸಿದ್ದಾಳೆ. ನಮ್ಮಲ್ಲೂ ಇಂಥ ನೇರ ಮಾಸ್ಟರ್ಸ್ ಇದೆಯೇ?

ಉತ್ತರ: ಇಲ್ಲ. ನಮ್ಮ ಎಂ.ಎಸ್ಸಿ. ನರ್ಸಿಂಗ್‌ಗೆ ಬಿ.ಎಸ್ಸಿ. ನರ್ಸಿಂಗ್ ಅಥವಾ ಪೋಸ್ಟ್ ಬೇಸಿಕ್ ಬಿ.ಎಸ್ಸಿ. (ಡಿಪ್ಲೊಮಾ ನರ್ಸ್‌ಗಳು ಓದುವ ಪದವಿ) ಆಗಿರಬೇಕು, ಒಂದು ವರ್ಷದ ಅನುಭವವೂ ಬೇಕು. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಸೇರಲು ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು. ಕಾಮರ್ಸ್‌ನವರಿಗೆ ಇರುವುದು ಮೂರು ವರ್ಷದ ಜಿಎನ್ಎಂ ನರ್ಸಿಂಗ್ ಡಿಪ್ಲೊಮಾ, ಆಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್. ಬಿ.ಕಾಂ. ಅಂಕಗಳನ್ನು ಅಲ್ಲಿ ಯಾರೂ ಕೇಳುವುದಿಲ್ಲ, ಪಿಯುಸಿ ಅಂಕಪಟ್ಟಿ ತೆಗೆದಿಡಲಿ. ದುಡ್ಡು ಕಟ್ಟುವ ಮೊದಲು ಆ ಕಾಲೇಜಿಗೆ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ಮಾನ್ಯತೆ ಈ ವರ್ಷಕ್ಕೂ ಇದೆಯೇ ಎಂದು ನೋಡಿಕೊಳ್ಳಲಿ.