ಬೋರ್ಡಿಂಗಿಗೆ ಊಟ, ಬೋರ್ಡಿಂಗ್ ಪಾಸಿಗೆ ಹಡಗು

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ಬಸ್ ನಿಲ್ದಾಣದ ಎದುರಿನ ಲಾಡ್ಜಿನ ಮೇಲೆ “ಬೋರ್ಡಿಂಗ್ ಅಂಡ್ ಲಾಡ್ಜಿಂಗ್” ಎಂದಿದೆ. ಒಳಗೆ ಇರುವುದು ಬರೀ ರೂಮು. ಮಗಳು ವಿಮಾನ ನಿಲ್ದಾಣದಿಂದ ಬೋರ್ಡಿಂಗ್ ಪಾಸಿನ ಫೋಟೊ ಕಳಿಸುತ್ತಾಳೆ. ಮೊಮ್ಮಗನಿಗೆ ಬೋರ್ಡ್ ಪರೀಕ್ಷೆ. ನಾನು ಬೋರ್ಡು ನೋಡಿ ಬಸ್ ಹತ್ತುವವನು. ಒಂದೇ ಪದ ಇಷ್ಟೆಲ್ಲ ಕಡೆ ಹೇಗೆ ನುಗ್ಗಿತು? ನಮ್ಮ ಕನ್ನಡದ ಪದಗಳಿಗೆ ಈ ಚಾಲಾಕಿತನ ಯಾಕಿಲ್ಲ?’

ಮೊದಲು ಲಾಡ್ಜಿನ ಲೆಕ್ಕ ಚುಕ್ತಾ ಮಾಡೋಣ. ಬೋರ್ಡಿಂಗ್ ಎಂದರೆ ಊಟ, ಲಾಡ್ಜಿಂಗ್ ಎಂದರೆ ವಸತಿ. ನಮ್ಮಲ್ಲಿ ಅನೇಕರು ಎರಡೂ ಒಂದೇ ಅಂದುಕೊಂಡಿದ್ದಾರೆ. ಬೋರ್ಡಿಂಗ್ ಸ್ಕೂಲಿನ ಮಕ್ಕಳು ಮಲಗುವುದೂ ಅಲ್ಲೇ ತಾನೆ, ಅದರಿಂದ ಬಂದ ಗೊಂದಲವಿರಬೇಕು.

ಹಳೆಯ ಇಂಗ್ಲಿಷಿನಲ್ಲಿ ಬೋರ್ಡ್ ಎಂದರೆ ಮರದ ಹಲಗೆ, ಅಷ್ಟೇ. ಆಗಿನ ದೊಡ್ಡ ಮನೆಗಳಲ್ಲಿ ಊಟದ ಮೇಜು ಎಂದು ಕಾಯಂ ಆಗಿ ಇರುತ್ತಿದ್ದುದು ಕಡಿಮೆ. ಹೊತ್ತಿಗೆ ಸರಿಯಾಗಿ ಆಸರೆಗಾಲು ನಿಲ್ಲಿಸಿ, ಮೇಲೆ ಉದ್ದನೆಯ ಹಲಗೆ ಇಟ್ಟು, ಬಟ್ಟೆ ಹಾಸಿ ಬಡಿಸುತ್ತಿದ್ದರು. ಉಂಡೆದ್ದ ಮೇಲೆ ಕಳಚಿ ಗೋಡೆಗೆ ಒರಗಿಸಿದರೆ ಆಯಿತು. ನಮ್ಮ ಛತ್ರಗಳಲ್ಲಿ ಮಡಚುವ ಮೇಜು ಬಿಡಿಸಿ, ಪೇಪರ್ ರೋಲ್ ಹಾಸಿ, ಮೂರನೇ ಪಂಕ್ತಿ ಏಳುವಷ್ಟರಲ್ಲಿ ಸುತ್ತಿ ಎಸೆಯುವುದಿಲ್ಲವೇ, ಹಾಗೆ. ಹೀಗೆ ಹಲಗೆಯೇ ಮೇಜಾಯಿತು, ಮೇಜೇ ಊಟವಾಯಿತು, ದುಡ್ಡು ಕೊಟ್ಟು ಊಟಕ್ಕಿರುವವನು ಬೋರ್ಡರ್ ಆದ. ಸ್ವೀಡನ್ನಿನಲ್ಲಿ ಇಂದಿಗೂ ಮೇಜಿಗೆ ‘ಬೂರ್ಡ್’ ಎನ್ನುತ್ತಾರೆ. ದೊಡ್ಡ ಹೋಟೆಲುಗಳಲ್ಲಿ ಬಗೆಬಗೆಯ ತಿನಿಸು ಮೇಜಿನ ಮೇಲೆ ಜೋಡಿಸಿಟ್ಟು, ಬೇಕಾದ್ದನ್ನು ನಾವೇ ಬಡಿಸಿಕೊಳ್ಳುವ ‘ಸ್ಮಾರ್ಗಸ್‌ಬೋರ್ಡ್’ ಊಟದ ಹೆಸರಿನ ಬಾಲದಲ್ಲಿರುವುದು ಅದೇ. ನಮ್ಮ ಕಬೋರ್ಡು ಕೂಡ ಮೊದಲು ಬಾಗಿಲಿದ್ದ ಬೀರು ಆಗಿರಲಿಲ್ಲ. ಕಪ್ಪುಗಳನ್ನು ನಾಲ್ಕು ಜನಕ್ಕೆ ಕಾಣುವಂತೆ ಜೋಡಿಸಿಡುವ ಹಲಗೆ. ಜೂಜಾಡುವಾಗ ಕೈ ಮೇಜಿನ ಮೇಲೆ ಕಾಣುವಂತಿದ್ದರೆ ಆಟ ‘ಅಬವ್ ಬೋರ್ಡ್’, ಅಂದರೆ ಮೋಸವಿಲ್ಲ.

ಊಟ ಮಾಡುವ ಹಲಗೆಯ ಸುತ್ತಲೇ ಕೂತು ದೊಡ್ಡವರು ವ್ಯವಹಾರ ಮಾತಾಡತೊಡಗಿದರು. ಹದಿನಾರನೇ ಶತಮಾನದ ಹೊತ್ತಿಗೆ ಮೇಜಿನ ಹೆಸರು ಅದರ ಸುತ್ತ ಕೂತವರಿಗೇ ಅಂಟಿಕೊಂಡಿತ್ತು. ಈ ಅರ್ಥದ ಬೋರ್ಡು ನಮ್ಮ ನೆತ್ತಿಯ ಮೇಲೂ ಕೂತಿದೆ. ಈಸ್ಟ್ ಇಂಡಿಯಾ ಕಂಪನಿಯ ಮೇಲೆ ಕಣ್ಣಿಡಲು 1784ರಲ್ಲಿ ಲಂಡನ್ನಿನಲ್ಲಿ ಬೋರ್ಡ್ ಆಫ್ ಕಂಟ್ರೋಲ್ ಹುಟ್ಟಿತು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡ ಬ್ರಿಟಿಷರು ಮೈಸೂರನ್ನು ಮೊದಲು ಒಪ್ಪಿಸಿದ್ದು ಇಬ್ಬರು ಕಮಿಷನರುಗಳ ಬೋರ್ಡಿಗೆ. ಇಬ್ಬರಿಗೂ ಹೊಂದಿಕೆಯಾಗಲಿಲ್ಲ, 1834ರಲ್ಲಿ ಒಬ್ಬನೇ ಕಮಿಷನರಾಗಿ ಮಾರ್ಕ್ ಕಬ್ಬನ್ ಬಂದ. ಆಮೇಲೆ ಡಿಸ್ಟ್ರಿಕ್ಟ್ ಬೋರ್ಡು, ತಾಲ್ಲೂಕು ಬೋರ್ಡು, ಬೋರ್ಡ್ ಹೈಸ್ಕೂಲು. ವಿದ್ಯುತ್ ಮಂಡಳಿ 1999ರಲ್ಲೇ ನಿಗಮವಾಗಿ ಬದಲಾದರೂ ಕರೆಂಟು ಹೋದಾಗ ನಾವು ಬೈಯುವುದು ಇನ್ನೂ ‘ಕೆಇಬಿಯವರನ್ನೇ’. ನಿಮ್ಮ ಮೊಮ್ಮಗನ ಪರೀಕ್ಷೆಯೂ ಈ ಮೇಜಿನವರದ್ದು.

ಬಸ್ಸಿನ ಬೋರ್ಡು, ಕೇರಂ ಬೋರ್ಡು, ಕಪ್ಪು ಬೋರ್ಡು ನೇರ ಹಲಗೆಯ ವಂಶ. ಹೇಳುವಂಥದ್ದೇನಿಲ್ಲ.

ಬೋರ್ಡಿಂಗ್ ಪಾಸಿನ ಕತೆಯೇ ಬೇರೆ, ನನಗೆ ಹೆಚ್ಚು ಇಷ್ಟವಾದದ್ದೂ ಅದೇ. ಹಡಗಿನ ಬೋರ್ಡು ಹಲಗೆಯಲ್ಲ. ಅಂಚು, ಪಕ್ಕೆ ಎಂಬ ಅರ್ಥದ ಇನ್ನೊಂದು ಬೋರ್ಡ್ ಇತ್ತು. ಎರಡೂ ಹೆಚ್ಚುಕಡಿಮೆ ಒಂದೇ ರೂಪದವಾದ್ದರಿಂದ ಬಹಳ ಹಿಂದೆಯೇ ಒಂದರೊಳಗೊಂದು ಕಲಸಿಹೋದವು. ಗಡಿ ಎಂಬ ಅರ್ಥದ ‘ಬಾರ್ಡರ್’, ಸೀರೆಯ ಬಾರ್ಡರು ಸಹಿತ, ಫ್ರೆಂಚ್ ದಾರಿಯಲ್ಲಿ ಸುತ್ತಿ ಬಂದ ಅದರ ನೆಂಟ. ಹಡಗಿನ ಪಕ್ಕೆ ದಾಟಿ ಒಳಗೆ ಕಾಲಿಟ್ಟರೆ ‘ಆನ್ ಬೋರ್ಡ್’. ನಾರ್ವೆಯಲ್ಲಿ 1880ರಲ್ಲಿ ಅಗೆದು ತೆಗೆದ ಗೋಕ್‌ಸ್ಟಾಡ್ ವೈಕಿಂಗ್ ಹಡಗನ್ನು ನೋಡಿದರೆ ಇದು ಕಣ್ಣಿಗೆ ಕಟ್ಟುತ್ತದೆ: ಚುಕ್ಕಾಣಿ ಹಿಂಬದಿಯ ನಡುವಿನಲ್ಲಿಲ್ಲ, ದೊಡ್ಡ ಹುಟ್ಟಿನಂತೆ ಬಲ ಪಕ್ಕೆಗೆ ಕಟ್ಟಿಕೊಂಡಿದೆ. ಚುಕ್ಕಾಣಿಯ ಪಕ್ಕೆ ‘ಸ್ಟೀರ್‌ಬೋರ್ಡ್’, ಅದೇ ಸವೆದು ‘ಸ್ಟಾರ್‌ಬೋರ್ಡ್’; ನಕ್ಷತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಚುಕ್ಕಾಣಿ ದಡಕ್ಕೆ ಉಜ್ಜಬಾರದೆಂದು ಹಡಗನ್ನು ಎಡ ಪಕ್ಕೆಯಿಂದ ದಡಕ್ಕೆ ತಾಗಿಸುತ್ತಿದ್ದರು. ಎಡಕ್ಕೆ ‘ಲಾರ್‌ಬೋರ್ಡ್’ ಎಂಬ ಹೆಸರಿತ್ತು. ಬಿರುಗಾಳಿಯಲ್ಲಿ ಕೂಗಿದರೆ ಅದು ಸ್ಟಾರ್‌ಬೋರ್ಡೋ ಲಾರ್‌ಬೋರ್ಡೋ ಯಾರಿಗೆ ಕೇಳಬೇಕು? ಕೊನೆಗೆ 1844ರಲ್ಲಿ ಬ್ರಿಟನ್ನಿನ ನೌಕಾಪಡೆ ಆ ಪದ ಬಿಟ್ಟು ‘ಪೋರ್ಟ್’ ಎನ್ನಿ ಎಂದು ಆಜ್ಞೆ ಮಾಡಿತು. ನಿಮ್ಮ ಮಗಳು ವಿಮಾನ ಹತ್ತುವುದೂ ಎಡ ಪಕ್ಕೆಯಿಂದಲೇ. ಮುಂದಿನ ಸಲ ಫೋನ್ ಮಾಡಿದಾಗ ಕೇಳಿ.

ಇನ್ನು ಕನ್ನಡದ ಮೇಲಿನ ನಿಮ್ಮ ಆಕ್ಷೇಪ. ಇದನ್ನು ಮಾತ್ರ ನಾನು ಒಪ್ಪುವುದಿಲ್ಲ. ಹಲಗೆಯನ್ನೇ ನೋಡಿ: ಮರದ ಹಲಗೆ, ಶಾಲೆಯ ಹಲಗೆ ಬಳಪ, ಹೋಳಿ ಹುಣ್ಣಿಮೆಗೆ ಬೀದಿಯಲ್ಲಿ ಬಾರಿಸುವ ಹಲಗೆ. ಅದಕ್ಕಿಂತ ಘಾಟಿ ಎಂದರೆ ಮಣೆ. ಒಂದು ಕಾಲದ ಅಡುಗೆಮನೆ ಹೊಕ್ಕರೆ ಈಳಿಗೆಮಣೆ, ತುರಿಮಣೆ, ಚಪಾತಿ ಮಣೆ, ಗೋಡೆಗೆ ಒರಗಿಸಿಟ್ಟ ಊಟದ ಮಣೆ. ಮದುವೆಯಾದರೆ ಹಸೆಮಣೆ. ಆಷಾಢದ ಮಳೆಗೆ ಹೊತ್ತು ಹೋಗದಿದ್ದರೆ ಹದಿನಾಲ್ಕು ಗುಳಿಯ ಚೆನ್ನೆಮಣೆ. ಇಂಗ್ಲಿಷರ ಹಲಗೆ ಊಟವಾಗಿ ಆಮೇಲೆ ಅಧಿಕಾರವಾಯಿತು. ನಮ್ಮ ಮಣೆ ಬಂದವರನ್ನು ಕೂರಿಸುವುದು; ಹಾಗಾಗಿ ‘ಮಣೆ ಹಾಕು’ ಎಂದರೆ ಮರ್ಯಾದೆ ಕೊಡು ಎಂದಾಯಿತು. ಚುನಾವಣೆ ಬಂತೆಂದರೆ ಪತ್ರಿಕೆಗಳಲ್ಲಿ ದಿನಕ್ಕೊಂದು ‘ಹೊಸಬರಿಗೆ ಮಣೆ’. ಟಿಕೆಟ್ ಸಿಗದವರು ನಿಗಮ ಮಂಡಳಿಗೆ ಕಾಯುತ್ತಾರೆ, ಅಂದರೆ ಬೋರ್ಡಿನಲ್ಲಿ ಒಂದು ಮಣೆಗೆ.

ಕೊನೆಗೆ, ಲಾಡ್ಜಿನ ಫಲಕ ತಪ್ಪಲ್ಲವೇ ಎಂದು ಕೇಳಿದ್ದೀರಿ. ಊಟವಿಲ್ಲದಿದ್ದರೆ ತಪ್ಪೇ. ಆದರೆ ಅದೇ ಕಟ್ಟಡದ ಕೆಳಗೆ ಬೆಣ್ಣೆದೋಸೆ ಹೋಟೆಲಿದೆ ಎಂದೂ ನೀವೇ ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ನಿಮ್ಮ ಊರಿನ ದೋಸೆಯ ಮೇಲಿನ ಗೌರವದಿಂದ ಆ ಫಲಕವನ್ನು ಪಾಸು ಮಾಡಿದ್ದೇನೆ.

— ಸಂಪಾದಕ