ಎರಡೂಕಾಲು ವರ್ಷದ ಮಗುವಿಗೆ ಮಂಚ: ಪುಟ್ಟದು ಬೇಡ, ತಗ್ಗಿನದು ಸಾಕು

ಸರ್, ನಿಮ್ಮ ಪ್ರಶ್ನೆಯನ್ನೂ ಅದಕ್ಕೆ ಬಂದ ಉತ್ತರಗಳನ್ನೂ ಓದಿದೆ. ಮಗಳಿಗೆ ಎರಡೂಕಾಲು ವರ್ಷ, ಬೇಬಿ ಕಾಟ್‌ನ ಸರಳು ಹತ್ತಿ ಕಾಲು ಹೊರಗೆ ಹಾಕಲು ಶುರುಮಾಡಿದ್ದಾಳೆ, ಮೂರು ತಿಂಗಳಲ್ಲಿ ಎರಡನೆಯ ಮಗು ಬರಲಿದೆ, ಹಿತ್ತಲಿನಲ್ಲಿ ಬಿದ್ದ ಹಲಸಿನ ಮರವನ್ನು ಹಲಗೆ ಕೊಯ್ಯಿಸಿಟ್ಟಿದ್ದೀರಿ, ಅದರಲ್ಲಿ ಅವಳಿಗೊಂದು ಪುಟ್ಟ ಮಂಚ ಮಾಡುವ ಆಸೆ. ನಮ್ಮದು ಮರಗೆಲಸದ ಹವ್ಯಾಸದ ಗುಂಪಾದ್ದರಿಂದ ಎಲ್ಲರೂ ಜೋಡಣೆ, ಪಾಲಿಶ್ ಬಗ್ಗೆಯೇ ಬರೆದಿದ್ದಾರೆ. ನಾನು ಸ್ವಲ್ಪ ಬೇರೆ ಕಡೆಯಿಂದ ಹೇಳುತ್ತೇನೆ, ಉದ್ದವಾದರೂ ಓದಿ.

ಮೊದಲನೆಯದಾಗಿ, ಪುಟ್ಟ ಮಂಚ ಮಾಡಬೇಡಿ. ಪೂರ್ಣ ಅಳತೆಯ ಸಿಂಗಲ್ ಮಂಚವನ್ನೇ ಮಾಡಿ, ನೆಲಕ್ಕೆ ಹತ್ತಿರವಾಗಿ ಮಾಡಿ. ನಮ್ಮ ಮನೆಗಳಲ್ಲಿ ಎರಡು ವರ್ಷದ ಮಗುವನ್ನು ಮಲಗಿಸಿ ದೀಪ ಆರಿಸಿ ಯಾರೂ ಹೊರಗೆ ಬರುವುದಿಲ್ಲ. ಅಮ್ಮನೋ ಅಜ್ಜಿಯೋ ಪಕ್ಕದಲ್ಲಿ ಮಲಗಿ, ಬೆನ್ನು ತಟ್ಟಿ, ನಿದ್ದೆ ಹತ್ತಿದ ಮೇಲೆ ಏಳುತ್ತಾರೆ. ನಾಲ್ಕೂವರೆ ಅಡಿಯ ಮಂಚದಲ್ಲಿ ಅದು ಆಗದ ಮಾತು. ಮೂರನೆಯ ದಿನಕ್ಕೆ ಮಗು ನಿಮ್ಮ ಮಂಚದಲ್ಲಿರುತ್ತದೆ, ನೀವು ಮಾಡಿದ ಮಂಚದ ಮೇಲೆ ಮಡಚದ ಬಟ್ಟೆ ಇರುತ್ತದೆ. ಹಾಸಿಗೆಯ ವಿಚಾರವೂ ಇದೆ. 72×36 ಅಥವಾ 75×36 ಇಂಚಿನ ಹಾಸಿಗೆ ಯಾವ ಊರಿನ ಅಂಗಡಿಯಲ್ಲಾದರೂ ಸಿಗುತ್ತದೆ. ಪುಟ್ಟ ಮಂಚಕ್ಕೆ ಹೇಳಿ ಮಾಡಿಸಬೇಕು, ಇಲ್ಲವೇ ಇದ್ದುದನ್ನು ಕತ್ತರಿಸಬೇಕು. ಕತ್ತರಿಸಿದ ಹಾಸಿಗೆ ಅಂಚಿನಲ್ಲಿ ಕುಸಿಯುತ್ತದೆ, ಕುಸಿದ ಕಡೆಯೇ ಮಗು ಉರುಳುತ್ತದೆ.

ವಯಸ್ಸಿನ ಬಗ್ಗೆ ಗುಂಪಿನಲ್ಲಿ ವಾದ ನಡೆದಿದೆ. ವಯಸ್ಸಿಗಿಂತ ಎತ್ತರ ನೋಡುವುದು ಸರಿ. ಮಗು 35 ಇಂಚು, ಅಂದರೆ 89 ಸೆಂ.ಮೀ. ಆದ ಮೇಲೆ ಸರಳಿನ ಕಾಟ್ ಬಿಡಿಸಬೇಕು ಎನ್ನುತ್ತದೆ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯಲ್ಲಿ ಎರಡು ತುಂಬಿದ ಹೆಣ್ಣುಮಗುವಿನ ಮಧ್ಯಮ ಎತ್ತರ ಸುಮಾರು 86 ಸೆಂ.ಮೀ., ಗಂಡುಮಗುವಿನದು 87. ಹಾಗಾಗಿ ಹೆಚ್ಚಿನ ಮಕ್ಕಳು ಎರಡೂಕಾಲು, ಎರಡೂವರೆಯ ಹೊತ್ತಿಗೆ ಆ ಗೆರೆ ಮುಟ್ಟುತ್ತಾರೆ. ಆ ಗೆರೆ ಮುಟ್ಟದ, ಸರಳು ಹತ್ತಲು ಇನ್ನೂ ಶುರುಮಾಡದ ಮಗುವಾದರೆ ಅವಸರ ಬೇಡವೇ ಬೇಡ. ಐದು ದೇಶಗಳ ಸುಮಾರು ಎರಡು ಸಾವಿರ ಪೋಷಕರನ್ನು ಕೇಳಿ 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಂದೂವರೆಯಿಂದ ಮೂರು ವರ್ಷದ ಮಕ್ಕಳಲ್ಲಿ ಕಾಟ್‌ನಲ್ಲಿ ಮಲಗುವವರು ಬೇಗ ಮಲಗುತ್ತಾರೆ, ರಾತ್ರಿ ಕಡಿಮೆ ಏಳುತ್ತಾರೆ, ಹೆಚ್ಚು ಹೊತ್ತು ನಿದ್ರಿಸುತ್ತಾರೆ ಎಂದು ಕಂಡುಬಂದಿತ್ತು. ಆದರೆ ನಿಮ್ಮ ಮಗಳು ಈಗಾಗಲೇ ಕಾಲು ಹೊರಗೆ ಹಾಕಿದ್ದಾಳೆ. ಮೂರೂವರೆ ಅಡಿ ಮೇಲಿನಿಂದ ತಲೆಕೆಳಗಾಗಿ ಬೀಳುವುದಕ್ಕೂ ಹತ್ತು ಇಂಚಿನಿಂದ ಉರುಳುವುದಕ್ಕೂ ಬಹಳ ವ್ಯತ್ಯಾಸವಿದೆ. ಮಂಚ ಮುಗಿಯಲಿ ಎಂದು ಕಾಯಬೇಡಿ. ಇವತ್ತೇ ಅವಳ ಹಾಸಿಗೆಯನ್ನು ನೆಲಕ್ಕೆ ಇಳಿಸಿ, ಕೆಳಗೆ ಚಾಪೆ ಹಾಕಿ. ನಿಮ್ಮ ಕಡೆ ಮಳೆ ಹೆಚ್ಚು, ಆದ್ದರಿಂದ ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆಯನ್ನು ಗೋಡೆಗೆ ನಿಲ್ಲಿಸಿ ತಳಕ್ಕೆ ಗಾಳಿಯಾಡಿಸಿ. ಇಲ್ಲದಿದ್ದರೆ ಕೆಲವೇ ವಾರಗಳಲ್ಲಿ ಬೂಸಲು ಹಿಡಿಯುತ್ತದೆ. ನೆಲದಲ್ಲಿ ಮಲಗಿ ಅಭ್ಯಾಸವಾದರೆ ಕಾಟ್‌ನಿಂದ ಮಂಚಕ್ಕೆ ಬರುವ ದೂರವೂ ಅರ್ಧವಾಗುತ್ತದೆ.

ಈಗ ಹಲಸಿನ ಹಲಗೆ. ಮರ ಕೊಯ್ದು ಎಷ್ಟು ಕಾಲವಾಯಿತು ಎಂದು ನೀವು ಬರೆದಿಲ್ಲ, ನನ್ನ ಕಳವಳವೆಲ್ಲ ಅಲ್ಲಿಯೇ ಇದೆ. ಹಲಸಿನ ಕಾವು, ಅಂದರೆ ಕಾಂಡದ ಒಳಗಿನ ಗಟ್ಟಿ ತಿರುಳು, ಒಳ್ಳೆಯ ಮರ. ಹೊಂಬಣ್ಣದಿಂದ ಕಂದಾಗುತ್ತ ಹೋಗುತ್ತದೆ, ಗೆದ್ದಲಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಆದರೆ ನೆರಳಿನಲ್ಲಿ ಒಣಗಲು ಒಂದಿಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಎಂಬುದು ಬಡಗಿಗಳ ಲೆಕ್ಕ. ಹಸಿ ಹಲಗೆ ಒಣಗುವಾಗ ಅಗಲದಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಅಷ್ಟಾಗಿ ಅಲ್ಲ. ದೊಡ್ಡವರ ಮಂಚದಲ್ಲಿ ಅದರಿಂದ ಕಿರುಗುಟ್ಟುವ ಸದ್ದು ಬರುತ್ತದೆ, ಅಷ್ಟೇ. ಮಗುವಿನ ಮಂಚದಲ್ಲಿ ಅಡ್ಡಪಟ್ಟಿಗಳ ನಡುವಿನ ಸಂದು ನೀವು ಬಿಟ್ಟದ್ದಕ್ಕಿಂತ ಅಗಲವಾಗುತ್ತದೆ, ಸ್ಕ್ರೂಗಳ ಹಿಡಿತ ಸಡಿಲವಾಗುತ್ತದೆ. ಹಲಗೆ ಒಣಗಿಲ್ಲವಾದರೆ ಚೌಕಟ್ಟಿಗೂ ಅಡ್ಡಪಟ್ಟಿಗೂ ಒಣಗಿದ ಮರವನ್ನು ಸಾಮಿಲ್‌ನಿಂದ ತನ್ನಿ. ಹಲಸನ್ನು ನಡುನಡುವೆ ರೀಪು, ಅಂದರೆ ತೆಳು ಮರದ ಪಟ್ಟಿ, ಕೊಟ್ಟು ಅಟ್ಟಿ ಪೇರಿಸಿಡಿ, ತಲೆಕಡೆಯ ಹಲಗೆಯನ್ನು ಮುಂದಿನ ವರ್ಷ ಅದರಲ್ಲೇ ಮಾಡಿ ಜೋಡಿಸಬಹುದು. ಮನೆಯ ಮರ ಎಂಬ ಪ್ರೀತಿ ನನಗೆ ಅರ್ಥವಾಗುತ್ತದೆ. ಆ ಪ್ರೀತಿಗಾಗಿ ಹಸಿ ಮರವನ್ನು ಮಗುವಿನ ಪಕ್ಕಕ್ಕೆ ತರಬೇಡಿ.

ಎತ್ತರ: ಪಟ್ಟಿಗಳ ಮೇಲ್ಮೈ ನೆಲದಿಂದ ಆರು ಇಂಚು, ಅದರ ಮೇಲೆ ನಾಲ್ಕು ಇಂಚಿನ ಹಾಸಿಗೆ, ಒಟ್ಟು ಹತ್ತು. ಅಡಿಯಲ್ಲಿ ಪೊರಕೆ ಹೋಗುವಷ್ಟು ಜಾಗ ಉಳಿಯಬೇಕು. ಹಳ್ಳಿಮನೆಯಲ್ಲಿ ಗುಡಿಸಲಾಗದ ಮಂಚದಡಿ ಚೇಳಿಗೂ ಜಿರಳೆಗೂ ಮನೆಯಾಗುತ್ತದೆ. ಕಾಲುಗಳನ್ನು ಚೌಕಟ್ಟಿಗೆ ಕಚ್ಚು ಕೊರೆದು ಕೂಡಿಸಿ ಅಂಟಿಸದೆ ಬೋಲ್ಟು ಹಾಕಿ ಬಿಗಿಯಿರಿ. ಮಗಳಿಗೆ ಆರೇಳು ವರ್ಷವಾದಾಗ ಉದ್ದ ಕಾಲು ಹಾಕಿದರೆ ಅದೇ ಮಂಚ ಕಾಲೇಜಿನವರೆಗೆ ಸಾಕು. ಅಡ್ಡಕ್ಕೆ ಮೂರು ಇಂಚು ಅಗಲದ ಮುಕ್ಕಾಲಿಂಚಿನ ಪಟ್ಟಿಗಳನ್ನು ಎರಡಿಂಚು ಬಿಟ್ಟು ಹಾಕಿ, ನಡುವೆ ಒಂದು ತೊಲೆ ಮತ್ತು ಅದಕ್ಕೊಂದು ಕಾಲು ಕೊಡಿ. ಮಲಗಿಸುವ ದೊಡ್ಡವರ ಭಾರವನ್ನೂ ಅದು ಹೊರಬೇಕಲ್ಲ.

ಪಕ್ಕದ ತಡೆಯ ವಿಷಯಕ್ಕೆ ಬರೋಣ. ಎಲ್ಲರೂ ಎಷ್ಟು ಎತ್ತರ ಎಂದು ಕೇಳುತ್ತಾರೆ. ಹಾಸಿಗೆಯ ಮೇಲ್ಮೈಯಿಂದ ಐದಾರು ಇಂಚು ಇದ್ದರೆ ಉರುಳುವ ಮಗು ನಿಲ್ಲುತ್ತದೆ. ಜೀವಕ್ಕೆ ಅಪಾಯ ತರುವುದು ಸಂದು. ಮೈ ನುಸುಳಿ ತಲೆ ಸಿಕ್ಕಿಕೊಳ್ಳುವ ಸಂದು ಇದ್ದರೆ ಮಗು ಕೂಗಲೂ ಆಗುವುದಿಲ್ಲ. ಕಾಟ್‌ನ ಸರಳುಗಳ ನಡುವೆ ಅಮೆರಿಕದ ನಿಯಮ ಬಿಡುವುದು ಹೆಚ್ಚೆಂದರೆ 2⅜ ಇಂಚು, ಅಂದರೆ ಸುಮಾರು ಆರು ಸೆಂ.ಮೀ. ನಿಮ್ಮ ತಡೆಗೂ ಅದನ್ನೇ ಇಟ್ಟುಕೊಳ್ಳಿ, ಮರ ಕುಗ್ಗುವುದನ್ನು ಲೆಕ್ಕಹಾಕಿ ಐದಕ್ಕೇ ನಿಲ್ಲಿಸಿ. ಚೂರು ಮರದಲ್ಲಿ ಸರಿಯಾಗಿ ಆರು ಸೆಂ.ಮೀ. ದಪ್ಪದ ಒಂದು ಗಟ್ಟಿ ಕತ್ತರಿಸಿಟ್ಟುಕೊಳ್ಳಿ. ಜೋಡಣೆ ಮುಗಿದ ಮೇಲೆ ಪ್ರತಿ ಸಂದಿಗೂ ಅದನ್ನು ಒತ್ತಿ ನೋಡಿ. ಎಲ್ಲಿ ತೂರಿತೋ ಅಲ್ಲಿ ಇನ್ನೊಂದು ಪಟ್ಟಿ ಬೇಕು. ಆ ಗಟ್ಟಿಯನ್ನು ಎಸೆಯಬೇಡಿ. ಬೇಸಿಗೆಯಲ್ಲಿ ಮರ ಒಣಗಿದಾಗ ಮತ್ತೊಮ್ಮೆ ಒತ್ತಿ ನೋಡಬೇಕು.

ತಡೆಯ ಕೆಳಗಿನ ಪಟ್ಟಿ ಹಾಸಿಗೆಯ ಮೇಲ್ಮೈಗಿಂತ ಕೆಳಗಿರಲಿ, ಹಾಸಿಗೆ ಅದಕ್ಕೆ ಒತ್ತಿ ಕೂರಲಿ. ಅಂಗಡಿಯವರು 75×36 ಎಂದು ಕೊಟ್ಟ ಹಾಸಿಗೆ ಅರ್ಧ ಇಂಚು ಹೆಚ್ಚುಕಡಿಮೆ ಇರುವುದು ಮಾಮೂಲು, ಆದ್ದರಿಂದ ಮೊದಲು ಹಾಸಿಗೆ ತಂದು ಟೇಪು ಹಿಡಿದು ಆಮೇಲೆ ಮರ ಕತ್ತರಿಸಿ. ತಡೆಯನ್ನು ಮಂಚದುದ್ದಕ್ಕೂ ಹಾಕಬೇಡಿ. ಕಾಲ ಕಡೆ ಸುಮಾರು ಹದಿನೈದು ಇಂಚು ಬಿಡಿ. ಇಳಿಯಲು ದಾರಿ ಸಿಕ್ಕ ಮಗು ತಡೆ ಹತ್ತುವುದಿಲ್ಲ, ದಾರಿ ಸಿಗದ ಮಗು ಹತ್ತಿಯೇ ಹತ್ತುತ್ತದೆ.

ಆನ್‌ಲೈನ್‌ನಲ್ಲಿ ಸಿಗುವ ಬಲೆಯ ತಡೆ ಹಾಕಿದರೆ ಕೆಲಸ ಸುಲಭ ಎಂದು ಒಬ್ಬರು ಬರೆದಿದ್ದಾರೆ. ಅದು ಎರಡರಿಂದ ಐದು ವರ್ಷದ, ದೊಡ್ಡವರ ಮಂಚವನ್ನು ತಾನೇ ಹತ್ತಿ ಇಳಿಯಬಲ್ಲ ಮಕ್ಕಳಿಗೆ ಮಾತ್ರ. ಎರಡು ತುಂಬದವರಿಗೆ ಸಲ್ಲದು. ಹಾಸಿಗೆಯಡಿ ಕಟ್ಟುವ ಅದರ ಪಟ್ಟಿ ಸಡಿಲವಾದರೆ ತಡೆ ಹೊರಕ್ಕೆ ಸರಿದು, ಹಾಸಿಗೆಗೂ ಬಲೆಗೂ ನಡುವೆ ಮಗು ಜಾರುವ ಸಂದು ಬೀಳುತ್ತದೆ. ಬಳಸುವುದೇ ಆದರೆ ದಿನವೂ ಸಂಜೆ ಎಳೆದು ಬಿಗಿಮಾಡಿ. ಇನ್ನೊಂದು ಪಕ್ಕಕ್ಕೆ ಗೋಡೆ ಇದೆಯಲ್ಲ ಎಂಬ ನೆಚ್ಚಿಕೆಯೂ ಹೀಗೆಯೇ ಮೋಸ ಮಾಡುತ್ತದೆ. ಟೈಲ್ಸ್ ನೆಲದಲ್ಲಿ ಮಂಚ ದಿನಕ್ಕೊಂದಿಷ್ಟು ಸರಿಯುತ್ತದೆ. ಕಾಲುಗಳಿಗೆ ರಬ್ಬರ್ ಬುಡ ಹಾಕಿ, ಚೌಕಟ್ಟನ್ನು ಎಲ್ ಕ್ಲಾಂಪಿನಿಂದ ಗೋಡೆಗೆ ಬಿಗಿಯಿರಿ. ಆಗದಿದ್ದರೆ ಗೋಡೆಯಿಂದ ಒಂದಡಿ ದೂರವಿಟ್ಟು ಎರಡೂ ಕಡೆ ತಡೆ ಕೊಡಿ.

ನೀವು ಹಾಕಿದ ರೇಖಾಚಿತ್ರದಲ್ಲಿ ನಾಲ್ಕು ಮೂಲೆಗೂ ಲೇಥ್‌ನಲ್ಲಿ ಕಡೆದ ಮೊಗ್ಗುಗಳಿವೆ. ನೋಡಲು ಚೆಂದ, ಆದರೆ ತೆಗೆದುಬಿಡಿ. ಅಂಗಿಯ ದಾರ, ಕೊರಳಿನ ಸರ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಮೂಲೆಗಳನ್ನು ತಗ್ಗಿಸಿ ಗುಂಡಗೆ ಮಾಡಿ. ಹಲಸಿನಲ್ಲಿ ನಾರು ಅಲ್ಲಲ್ಲಿ ತಿರುಚಿಕೊಂಡಿರುತ್ತದೆ. ಮರ ಹೆರೆಯುವ ತೋಪಡದ ಅಲಗು ಮೊಂಡಾಗಿದ್ದರೆ ನಾರು ಕಿತ್ತುಬಂದು ಸಿಬಿರು ಏಳುತ್ತದೆ. 80, 120, 220 ನಂಬರಿನ ಮರಳು ಕಾಗದದಿಂದ ಕ್ರಮವಾಗಿ ಉಜ್ಜಿ ಮುಗಿಸಿದ ಮೇಲೆ ಹಳೆಯ ನೈಲಾನ್ ಸೀರೆಯ ತುಂಡನ್ನು ಪಟ್ಟಿಯುದ್ದಕ್ಕೂ ಎಳೆಯಿರಿ. ಕೈಗೆ ತಿಳಿಯದ ಸಿಬಿರು ನೈಲಾನಿನ ಎಳೆಗೆ ಸಿಗುತ್ತದೆ.

ಪಾಲಿಶ್ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ಅರಗಿನ ಪಾಲಿಶ್ ಮಗು ಬಾಯಿ ಹಾಕಿದರೂ ಚಿಂತೆಯಿಲ್ಲದ್ದು, ಆದರೆ ಮೂತ್ರ ತಗುಲಿದರೆ ಬಿಳಿಚುತ್ತದೆ. ಹಾಸಿಗೆಯ ಮೇಲೆ ನೀರಿಳಿಯದ ಹೊದಿಕೆ ಹೇಗೂ ಬೇಕು. ಅಗಸೆ ಎಣ್ಣೆ ಹಚ್ಚುವವರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹರಡಿ ಬಯಲಿನಲ್ಲಿ ಒಣಗಿಸಿ. ಯಾವುದನ್ನೇ ಹಚ್ಚಿ, ವಾಸನೆ ಪೂರ್ತಿ ಹೋಗುವವರೆಗೆ ಮಂಚ ಜಗಲಿಯಲ್ಲಿರಲಿ.

ಅಜ್ಜನ ಕಾಲದ ತೊಟ್ಟಿಲಿಗೆ ಬಣ್ಣ ಬಳಿದು ಎರಡನೆಯ ಮಗುವಿಗೆ ಕೊಡಿ ಎಂದವರಿಗೆ ಒಂದು ಮಾತು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಎನಾಮಲ್ ಬಣ್ಣದಲ್ಲಿ ಸೀಸ ಇರಬಹುದೆಂದೇ ತಿಳಿದು ನಡೆಯಿರಿ. ಅದನ್ನು ಒಣದಾಗಿ ಉಜ್ಜಿದರೆ ಧೂಳಿನ ಜತೆ ಸೀಸವೂ ಮನೆಯೆಲ್ಲ ಹರಡುತ್ತದೆ, ಗರ್ಭಿಣಿ ಇರುವ ಮನೆಯಲ್ಲಿ ಅದು ಖಂಡಿತ ಬೇಡ. ಇಬ್ಬರಿಗೂ ಆಗುವಂತೆ ಬಂಕ್ ಮಂಚ ಮಾಡಿ ಎಂಬ ಸಲಹೆಯನ್ನು ಸದ್ಯಕ್ಕೆ ಬದಿಗಿಡಿ. ಮೇಲಿನ ಮಂಚ ಆರು ವರ್ಷದ ಒಳಗಿನವರಿಗಲ್ಲ.

ಇಷ್ಟು ಹೊತ್ತು ಮರದ ಮಾತಾಯಿತು. ಕಾಟ್ ಹೋದ ಮೇಲೆ ಮಗುವನ್ನು ತಡೆಯುವ ಸರಳು ಇರುವುದಿಲ್ಲ, ನಡುರಾತ್ರಿ ಒಬ್ಬಳೇ ಎದ್ದು ಓಡಾಡಬಲ್ಲಳು. ಆದ್ದರಿಂದ ಒಂದು ಸಂಜೆ ನೀವೇ ಆ ಕೋಣೆಯ ನೆಲದಲ್ಲಿ ಕುಳಿತು ಅವಳ ಎತ್ತರದಿಂದ ಸುತ್ತ ನೋಡಿ. ನನಗೆ ಎಲ್ಲಕ್ಕಿಂತ ಭಯ ಬಚ್ಚಲುಮನೆಯ ಬಕೆಟ್ಟಿನದು. ಬೆಳಿಗ್ಗೆ ನೀರು ಬರುವುದೋ ಇಲ್ಲವೋ ಎಂದು ರಾತ್ರಿಯೇ ತುಂಬಿಡುವುದು ನಮ್ಮ ರೂಢಿ. ಈ ವಯಸ್ಸಿನ ಮಗುವಿನ ತಲೆಯ ಭಾರ ಹೆಚ್ಚು, ಬಗ್ಗಿ ಒಳಗೆ ಬಿದ್ದರೆ ತಾನಾಗಿ ಮೇಲೇಳಲಾರದು, ಕೆಲವೇ ಇಂಚು ನೀರು ಸಾಕು. ಬಕೆಟ್ ಬೋರಲು ಹಾಕಿ, ಬಚ್ಚಲಿನ ಬಾಗಿಲಿಗೆ ಹೊರಗಿನಿಂದ ಎತ್ತರದಲ್ಲಿ ಚಿಲಕ ಹಾಕಿ. ಕೋಣೆಯ ಬಾಗಿಲಿನ ಕೆಳಗಿನ ಚಿಲಕವನ್ನು ಬಿಚ್ಚಿ ತೆಗೆಯಿರಿ, ಇಲ್ಲದಿದ್ದರೆ ಒಂದು ದಿನ ಅವಳು ಒಳಗೆ, ನೀವು ಹೊರಗೆ. ಬೀರುವನ್ನೂ ಪುಸ್ತಕದ ಕಪಾಟನ್ನೂ ಗೋಡೆಗೆ ಕಚ್ಚಿಸಿ. ಎಳೆದ ಡ್ರಾಯರುಗಳನ್ನೇ ಮೆಟ್ಟಿಲು ಮಾಡಿಕೊಂಡು ಹತ್ತುವ ವಯಸ್ಸು ಇದು. ಮಂಚ ಕಿಟಕಿಯ ಕೆಳಗೆ ಬೇಡ. ಸೊಳ್ಳೆ ಓಡಿಸುವ ದ್ರವದ ಯಂತ್ರ ಮಂಚದ ಪಕ್ಕದ ಪ್ಲಗ್ಗಿನಲ್ಲಿದ್ದರೆ ಬೇರೆಡೆಗೆ ಸಾಗಿಸಿ. ಸೊಳ್ಳೆ ಪರದೆ ಕಟ್ಟುವುದಾದರೆ ತಡೆ ಬಿಟ್ಟಿರುವ ಕಡೆ ಹಾಸಿಗೆಯಡಿ ಸಿಕ್ಕಿಸದೆ ನೆಲದವರೆಗೆ ಇಳಿಬಿಡಿ, ಕಟ್ಟುವ ದಾರಗಳು ಕೈಗೆಟುಕದಿರಲಿ.

ಕೊನೆಯದಾಗಿ ಎರಡನೆಯ ಮಗು. ತಂಗಿಯೋ ತಮ್ಮನೋ ಬಂದ ವಾರವೇ ಅವಳ ಕಾಟ್ ಕಿತ್ತುಕೊಳ್ಳುವ ಹಾಗೆ ಆಗಬಾರದು. ಈ ತಿಂಗಳೇ ನೆಲದ ಹಾಸಿಗೆ ಅಭ್ಯಾಸವಾದರೆ ಒಳ್ಳೆಯದು. ಆಗದಿದ್ದರೂ ಗಾಬರಿ ಬೇಡ, ಹುಟ್ಟುವ ಮಗುವಿಗೆ ಮೊದಲ ತಿಂಗಳುಗಳಲ್ಲಿ ಅಮ್ಮನ ಕೋಣೆಯಲ್ಲೇ ಸಣ್ಣ ತೊಟ್ಟಿಲು ಸಾಕು. ಖಾಲಿ ಕಾಟ್ ಅನ್ನು ಕೆಲವು ವಾರ ಕಣ್ಣಿಗೆ ಬೀಳದಂತೆ ಎತ್ತಿಡಿ. ಹಳೆಯ ಹೊದಿಕೆ, ಹಳೆಯ ಗೊಂಬೆ, ಮಲಗುವ ಮೊದಲು ಕಾಲು ತೊಳೆಯುವುದು, ಕಥೆ, ಲಾಲಿ, ಎಲ್ಲವೂ ಅದೇ ಕ್ರಮದಲ್ಲಿ ನಡೆಯಲಿ. ರಾತ್ರಿ ಎದ್ದು ಬಂದರೆ ಗದರಬೇಡಿ, ಮಾತಿಗೂ ಕೂರಬೇಡಿ. ಕೈ ಹಿಡಿದು ಕರೆದೊಯ್ದು ಮಲಗಿಸಿ, ಎಷ್ಟು ಸಲ ಬಂದರೂ ಅಷ್ಟೇ. ಅಜ್ಜಿ ಜತೆ ಮಲಗಲಿ ಎಂದು ನಿಮ್ಮ ತಾಯಿಯವರು ಹೇಳಿದ್ದಾರಂತೆ. ಅವರು ಆ ಮಂಚದಲ್ಲೇ ಅವಳ ಜತೆ ಮಲಗಲಿ, ಅದಕ್ಕಾಗಿಯೇ ನಾನು ಮೂರಡಿ ಅಗಲ ಹೇಳಿದ್ದು. ಮೊದಮೊದಲು ಮಂಚದ ಪಕ್ಕ ಜಮಖಾನ ಮಡಚಿ ಹಾಸಿಡಿ. ಬಿದ್ದ ಮೇಲೆ ವಾಂತಿ, ಮಂಪರು, ಸಮಾಧಾನವಾಗದ ಅಳು ಕಂಡರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಿ.

ಹಲಗೆ ಕೊಯ್ದ ತಿಂಗಳು, ಅದರ ದಪ್ಪ, ತರುವ ಹಾಸಿಗೆಯ ನಿಜವಾದ ಅಳತೆ, ಮೂರನ್ನೂ ಇಲ್ಲಿ ಬರೆಯಿರಿ. ಯಾವ ಪಟ್ಟಿ ಎಷ್ಟು ಬೇಕು, ಬೋಲ್ಟು ಎಲ್ಲಿ ಬರಬೇಕು ಎಂಬ ಲೆಕ್ಕವನ್ನು ಗೆರೆ ಎಳೆದು ಕಳಿಸುತ್ತೇನೆ.