ಗೈಡಿನಲ್ಲಿ ಅಚ್ಚಾದ ‘ಸ್ವಂತ ವಾಕ್ಯ’

ಹಿರೇಕೆರೂರಿನಿಂದ ಓದುಗರೊಬ್ಬರು ಬರೆದಿದ್ದಾರೆ: “ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಮೊಬೈಲಿನಲ್ಲಿ ದಿನಕ್ಕೆ ಹತ್ತು ಇಂಗ್ಲಿಷ್ ಪದ ಬರುತ್ತವೆ, ಜೊತೆಗೆ ಅರ್ಥ, ಒಂದು ಉದಾಹರಣೆ ವಾಕ್ಯ. ಟೈಮ್ ಉಳಿಯಲಿ ಅಂತ ವಾಕ್ಯ ಬಿಟ್ಟು ಅರ್ಥ ಮಾತ್ರ ಬರೆದುಕೊಳ್ಳುತ್ತೇನೆ. ಮೂರು ತಿಂಗಳಿಗೆ 900 ಪದ ಆಗಿವೆ. ನೋಟ್‌ಬುಕ್ಕಿನ ಎಡಪುಟಗಳೆಲ್ಲ ತುಂಬಿವೆ, ಬಲಪುಟ ಖಾಲಿ. ಆದರೆ ಮಾತಾಡಲು ಹೋದರೆ ಒಂದೂ ಬಾಯಿಗೆ ಬರುವುದಿಲ್ಲ. ದಿನಕ್ಕೆ ಇಪ್ಪತ್ತು ಮಾಡಲೇ?”

ಬೇಡ ಮಾರಾಯ್ರೆ. ಹತ್ತನ್ನೇ ಮೂರಕ್ಕಿಳಿಸಿ.

ಅರ್ಥ ಬಾಯಿಪಾಠ ಮಾಡುವುದೇ ದಂಡ ಅಂತ ನಾನು ಹೇಳುತ್ತಿಲ್ಲ. ಪರೀಕ್ಷೆಯಲ್ಲಿ ನಾಲ್ಕು ಉತ್ತರದಲ್ಲಿ ಒಂದಕ್ಕೆ ಟಿಕ್ ಹಾಕಲು ಅಷ್ಟು ಸಾಕಾಗಬಹುದು. ನಮ್ಮ ಹಿರಿಯರು ಅಮರಕೋಶವನ್ನು ಉರು ಹೊಡೆದವರೇ. ಮೂರು ತಿಂಗಳು ಒಂದು ದಿನವೂ ತಪ್ಪಿಸದ ನಿಮ್ಮ ಹಟವೂ ಮೆಚ್ಚುವಂಥದ್ದೇ. ಆದರೆ ನೀವು ಟೈಮ್ ಉಳಿಸಲು ಬಿಟ್ಟಿರಲ್ಲ, ಆ ವಾಕ್ಯ, ಇದ್ದದ್ದೆಲ್ಲ ಅದರಲ್ಲೇ ಇತ್ತು. ಸಿಪ್ಪೆ ಜೋಪಾನ ಮಾಡಿ ಹಣ್ಣು ಎಸೆದಿದ್ದೀರಿ.

ನಾನು ಹೈಸ್ಕೂಲಿನಲ್ಲಿದ್ದಾಗ ಹೆಡ್‌ಮಾಸ್ಟರ್ ನಿವೃತ್ತರಾದರು. ಬೀಳ್ಕೊಡುಗೆ ದಿನ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡುವ ಕೆಲಸ ನನ್ನ ತಲೆಗೆ ಬಿತ್ತು. ‘ಫೇಮಸ್’ ಎಲ್ಲರಿಗೂ ಗೊತ್ತಿರುವ ಪದ, ಅದು ಬೇಡ ಅನಿಸಿತು. ಹಳೆಯ ಪಾಕೆಟ್ ಡಿಕ್ಷನರಿಯಲ್ಲಿ ‘ನೋಟೋರಿಯಸ್’ ಸಿಕ್ಕಿತು. ಮುಂದೆ ‘ಎಲ್ಲರಿಗೂ ಗೊತ್ತಿರುವ’ ಅಂತಿತ್ತು. ಎರಡನೆಯ ಅರ್ಥ ಓದುವಷ್ಟು ತಾಳ್ಮೆ ಯಾರಿಗಿದೆ! ವೇದಿಕೆ ಹತ್ತಿ, ನಮ್ಮ ಹೆಡ್‌ಮಾಸ್ಟರ್ ಇಡೀ ತಾಲ್ಲೂಕಿನಲ್ಲೇ ನೋಟೋರಿಯಸ್ ಅಂತ ಗಟ್ಟಿಯಾಗಿ ಹೇಳಿದೆ. ಆ ಪದಕ್ಕೆ ‘ಕುಖ್ಯಾತ’ ಅನ್ನುವ ಅರ್ಥ ಅಂತ ಗೊತ್ತಿದ್ದ ಇಂಗ್ಲಿಷ್ ಮೇಷ್ಟ್ರು ತಲೆ ತಗ್ಗಿಸಿದರು. ಹೆಡ್‌ಮಾಸ್ಟರ್ ಮಾತ್ರ ಜೋರಾಗಿ ನಕ್ಕುಬಿಟ್ಟರು, ದೊಡ್ಡ ಮನುಷ್ಯ. ಕಳ್ಳನನ್ನೋ ರೌಡಿಯನ್ನೋ ಕುರಿತ ಒಂದೇ ಒಂದು ವಾಕ್ಯದಲ್ಲಿ ಆ ಪದವನ್ನು ಮೊದಲೇ ಕಂಡಿದ್ದರೆ ನಾನು ಅದನ್ನು ಅವರ ಹತ್ತಿರಕ್ಕೂ ತರುತ್ತಿರಲಿಲ್ಲ.

ನಿಮ್ಮ ಕಡೆಯದೇ ಪದ ತಗೊಳ್ಳಿ, ಖಡಕ್. ಖಡಕ್ ಚಹಾ, ಖಡಕ್ ರೊಟ್ಟಿ, ಖಡಕ್ ಆಫೀಸರ್. ಇಂಗ್ಲಿಷಿಗೆ ಹೋದರೆ ಚಹಾ ಸ್ಟ್ರಾಂಗ್, ರೊಟ್ಟಿ ಕ್ರಿಸ್ಪ್, ಆಫೀಸರ್ ಸ್ಟ್ರಿಕ್ಟ್. ರೊಟ್ಟಿಯನ್ನು ಸ್ಟ್ರಿಕ್ಟ್ ಅಂದರೆ ಏನಾಗುತ್ತೆ ನೋಡಿ. ಯಾವ ಪದ ಯಾರ ಪಕ್ಕ ಕೂರುತ್ತೆ ಅನ್ನೋದು ಅರ್ಥದ ಪಟ್ಟಿಯಲ್ಲಿ ಎಲ್ಲಿ ಸಿಗಬೇಕು?

ಇದನ್ನು ಕಂಡುಕೊಂಡವರು ಲಂಡನ್ನಿನಲ್ಲಿ ಕೂತವರಲ್ಲ ಅನ್ನೋದು ನನಗೆ ಬಹಳ ಇಷ್ಟದ ಸಂಗತಿ. ಮೈಕೆಲ್ ವೆಸ್ಟ್ ಢಾಕಾದಲ್ಲಿ ಮೇಷ್ಟರಿಗೆ ಪಾಠ ಹೇಳುತ್ತಿದ್ದವರು. ಬಂಗಾಳಿ ಹುಡುಗರು ಇಂಗ್ಲಿಷ್ ಓದಲು ಪರದಾಡುವುದನ್ನು ಕಣ್ಣಾರೆ ನೋಡಿದರು. 1935ರಲ್ಲಿ ಅವರು ತಂದ ಡಿಕ್ಷನರಿಯಲ್ಲಿ ಅಷ್ಟೂ ಪದಗಳನ್ನು ವಿವರಿಸಿದ್ದು ಬರೀ 1,490 ಸುಲಭ ಪದಗಳಲ್ಲಿ. ಒಂದು ಪದ ಹುಡುಕಲು ಹೋಗಿ ಇನ್ನೂ ನಾಲ್ಕು ಹುಡುಕುವ ಪಾಡು ತಪ್ಪಲಿ ಅಂತ. ಹಾರ್ನ್‌ಬಿ ಅನ್ನುವವರು ಜಪಾನಿನಲ್ಲಿ ಇಂಗ್ಲಿಷ್ ಪಾಠ ಮಾಡಿದವರು. ಪದದ ಅರ್ಥದ ಜೊತೆ ಅದನ್ನು ವಾಕ್ಯದಲ್ಲಿ ಹೇಗೆ ಕೂರಿಸಬೇಕು ಅಂತಲೂ ತೋರಿಸುವ ಅವರ ಡಿಕ್ಷನರಿ 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. ಈಗ ಕಾಲೇಜು ಹುಡುಗರ ಕೈಯಲ್ಲಿರುವ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ಅದರದ್ದೇ ಮರಿ. ನಮ್ಮಂಥವರ ಪರದಾಟದಿಂದ ಹುಟ್ಟಿದ ಪುಸ್ತಕಗಳು ಇವು, ಅಲ್ವಾ? ಇನ್ನು ನಮ್ಮ ಕಿಟೆಲ್ ಸಾಹೇಬರು. ಜರ್ಮನಿಯಿಂದ ಬಂದು ಕನ್ನಡ ಕಲಿತು, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಿಂದ ಕನ್ನಡ-ಇಂಗ್ಲಿಷ್ ನಿಘಂಟು ತಂದರು. ಸುಮ್ನೆ ಒಂದು ಪುಟ ತೆರೆದು ನೋಡಿ. ಪದದ ಬೆನ್ನಿಗೇ ಗಾದೆ, ಹಳೆಯ ಕಾವ್ಯದ ಸಾಲು. ಅರ್ಥ ಕೊಟ್ಟು ಕೈ ತೊಳೆದುಕೊಳ್ಳಲಿಲ್ಲ ಆ ಪುಣ್ಯಾತ್ಮ.

ಈಗ ನನ್ನ ಹೊಟ್ಟೆಯುರಿಗೆ ಬರುತ್ತೇನೆ. ಕನ್ನಡ ಪಠ್ಯಪುಸ್ತಕದಲ್ಲಿ ಪಾಠದ ಕೊನೆಗೆ ‘ಈ ಪದಗಳನ್ನು ಸ್ವಂತ ವಾಕ್ಯದಲ್ಲಿ ಬಳಸಿರಿ’ ಅಂತ ಇರುತ್ತಲ್ಲ. ಅಷ್ಟು ಒಳ್ಳೆಯ ಪ್ರಶ್ನೆ ಇಡೀ ಪುಸ್ತಕದಲ್ಲಿ ಇನ್ನೊಂದಿಲ್ಲ. ನಮ್ಮ ಪಕ್ಕದ ಮನೆ ಹುಡುಗಿಯ ನೋಟ್ಸ್ ಮೊನ್ನೆ ನೋಡಿದೆ. ಚೆಂದದ ವಾಕ್ಯಗಳು. ಎಲ್ಲಿಂದ ಬಂತಮ್ಮ ಅಂದರೆ ಗೈಡ್ ತಂದು ತೋರಿಸಿದಳು. ಸ್ವಂತ ವಾಕ್ಯವೂ ಅಚ್ಚಾಗಿ ಬರುತ್ತದೆ ಸ್ವಾಮಿ! ಇಡೀ ಕ್ಲಾಸಿಗೆ ಒಂದೇ ಸ್ವಂತ ವಾಕ್ಯ. ತನ್ನದೇ ವಾಕ್ಯ ಬರೆದ ಇನ್ನೊಬ್ಬ ಹುಡುಗನಿಗೆ ‘ಗೈಡಿನಲ್ಲಿರುವಂತೆ ಬರೆ’ ಅಂತ ಕೆಂಪು ಶಾಯಿ ಬಿತ್ತಂತೆ. ಮೇಷ್ಟರನ್ನು ಬೈದು ಏನು ಮಾಡೋಣ, ಅರವತ್ತು ಮಕ್ಕಳ ಅರವತ್ತು ಥರದ ವಾಕ್ಯ ತಿದ್ದಲು ರಾತ್ರಿಯೆಲ್ಲ ಕೂರಬೇಕು. ಅಪ್ಪ ಅಮ್ಮಂದಿರೂ ಅಷ್ಟೇ. ಮಗುವಿಗೆ ಇಂಗ್ಲಿಷಿನಲ್ಲಿ ಇಷ್ಟು ಪದ ಬರುತ್ತೆ ಅಂತ ನೆಂಟರ ಮುಂದೆ ಎಣಿಸಿ ತೋರಿಸುತ್ತಾರೆ. ಆ ಮಗುವಿಗೆ ಅಂಗಳ, ಜಗಲಿ, ಪಡಸಾಲೆ ಇವುಗಳ ವ್ಯತ್ಯಾಸ ಕೇಳಿ ನೋಡಿ. ತನ್ನ ಭಾಷೆಯಲ್ಲೇ ಒಂದು ವಾಕ್ಯ ಕಟ್ಟಿ ಅಭ್ಯಾಸವಿಲ್ಲದವರು ಇನ್ನೊಂದರಲ್ಲಿ ಹೇಗೆ ಕಟ್ಟುತ್ತಾರೆ? ನೀವೂ ಅದೇ ಶಾಲೆಗಳಿಂದ ಬಂದವರು, ತಪ್ಪು ಪೂರ್ತಿ ನಿಮ್ಮದಲ್ಲ ಬಿಡಿ.

ಆ್ಯಪಿನ ಉದಾಹರಣೆಗಳಲ್ಲೂ ಒಂದು ತೊಡಕಿದೆ. ಹಿಮ ಬೀಳುತ್ತದೆ, ಯಾರೋ ಪ್ಯಾರಿಸ್ಸಿಗೆ ಹೋಗುತ್ತಾರೆ. ಓದಿ, ಪದ ಎಲ್ಲಿ ಕೂತಿದೆ ನೋಡಿಕೊಳ್ಳಿ, ಆಮೇಲೆ ಅದನ್ನು ನಿಮ್ಮೂರಿಗೆ ಕರೆತನ್ನಿ. ‘ರಿಲಕ್ಟೆಂಟ್’ ಅಂದರೆ ಮನಸ್ಸಿಲ್ಲದ ಅಂತ ಬರೆದುಕೊಂಡಿದ್ದೀರಿ ತಾನೇ? ನೊಗಕ್ಕೆ ಹೆಗಲು ಕೊಡಲು ಒಲ್ಲೆ ಅನ್ನುವ ಎತ್ತಿನ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಸಾಲು ಬರೆಯಿರಿ. ಆ ಪದ ಮತ್ತೆ ಮರೆತರೆ ನನ್ನನ್ನು ಕೇಳಿ. ಕನ್ನಡ ಅರ್ಥ ಬರೆದುಕೊಳ್ಳಲು ನಾಚಿಕೆಯೂ ಬೇಡ.

ಹೊಸ ಪದ ಒಂದು ತಿಂಗಳು ನಿಲ್ಲಿಸಿ. ಆ ಖಾಲಿ ಬಲಪುಟಗಳಿವೆಯಲ್ಲ, ಅಲ್ಲಿ ದಿನಕ್ಕೆ ಮೂರು ಹಳೆಯ ಪದಕ್ಕೆ ನಿಮ್ಮ ಮನೆ, ಹೊಲ, ಬಸ್‌ಸ್ಟ್ಯಾಂಡಿನ ವಾಕ್ಯ ಬರೆಯಿರಿ. ಅದರಲ್ಲಿ ಹತ್ತು ನಮಗೆ ಕಳಿಸಿ, ತಪ್ಪಿದ್ದರೂ ಇರಲಿ, ತಿದ್ದಿ ವಾಪಸ್ ಕಳಿಸುತ್ತೇನೆ. ರೊಟ್ಟಿ ಬಗ್ಗೆ ಒಂದು ಇರಲೇಬೇಕು.

– ಸಂಪಾದಕ